ಲಾಯರ್ ಶೇಖರಪ್ಪನವರು ಪಾಯಕ್ಕೆ ಬಿದ್ದದ್ದು

ಶೇಖರಪ್ಪನವರು ಲಾಯರಲ್ಲ. ಇದು ಅವರಿಗೆ ಗೊತ್ತಿತ್ತು, ಅವರ ಹೆಂಡತಿ ನಿಂಗವ್ವನವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಕೊಡಿಗೇಹಳ್ಳಿಯ ಪಕ್ಕದಲ್ಲಿ ಹೊಸದಾಗಿ ಎದ್ದ ಅವರ ಬೀದಿಗೆ ಮಾತ್ರ.

ಎಂಬತ್ತೆರಡು, ಎಂಬತ್ತಮೂರರ ಮಾತು. ಗದಗಿನ ಕಡೆಯಿಂದ ಬಂದ ಶೇಖರಪ್ಪನವರಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತಿಕೆ. ಅವರ ಮೇಜನ್ನು ಹಾಕಿದ್ದು ಲೀಗಲ್ ಸೆಕ್ಷನ್ನಿನ ಮೂಲೆಯಲ್ಲಿ. ಕಾರ್ಖಾನೆಯ ವಕೀಲರು ಬರೆಸಿದ ನೋಟೀಸುಗಳನ್ನು ನೀಟಾಗಿ ಮಡಚುವುದು, ಲಕೋಟೆಗೆ ಹಾಕುವುದು, ಅಂಚೆಚೀಟಿ ಅಂಟಿಸುವುದು, ರಿಜಿಸ್ಟರ್ ಮಾಡಿಸಿ ರಸೀದಿ ಜೋಪಾನ ಮಾಡುವುದು, ಇಷ್ಟು ಅವರ ಉದ್ಯೋಗ. ಇದನ್ನು ಅವರು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರೆಂದರೆ, ಅವರು ಅಂಟಿಸಿದ ಲಕೋಟೆಯನ್ನು ಬಿಚ್ಚಲು ಹೋಗಿ ಒಳಗಿನ ನೋಟೀಸನ್ನೂ ಸೇರಿಸಿ ಹರಿದುಕೊಂಡ ಪ್ರತಿವಾದಿಗಳು ಅನೇಕರಿದ್ದರು.

ಬೀದಿಗೆ ಬಂದ ಹೊಸದರಲ್ಲಿ ಮೂಲೆಯ ಅಂಗಡಿಯ ರತ್ನಕ್ಕ ಬೆಲ್ಲ ಕಟ್ಟಿಕೊಡುತ್ತಾ ಕೇಳಿದ್ದಳು, "ಏನ್ ಕೆಲ್ಸ ಸಾರ್ ತಮ್ದು?" ಗುಮಾಸ್ತ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಶೇಖರಪ್ಪನವರು ಗಂಟಲು ಸರಿಮಾಡಿಕೊಂಡು, "ಲೀಗಲ್ ಸೆಕ್ಷನ್" ಅಂದರು. ಸಂಜೆಯೊಳಗೆ ಬೀದಿಗೆಲ್ಲ ಲಾಯರಾಗಿಬಿಟ್ಟರು. ಅವರು ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ.

ಆಮೇಲೆ ಭಾನುವಾರ ಬಂತೆಂದರೆ ಜಗುಲಿಯ ಮೇಲೆ ಇಬ್ಬರೋ ಮೂವರೋ ಕೂತಿರುತ್ತಿದ್ದರು. ಶೇಖರಪ್ಪನವರ ಬಳಿ ಇದ್ದದ್ದು ಎರಡೇ ಸಲಹೆ. ತೊಂದರೆ ಕೊಟ್ಟವರಿದ್ದರೆ "ನೋಟೀಸ್ ಕೊಡಬೇಕು." ತೊಂದರೆಗೆ ಸಿಕ್ಕಿಕೊಂಡವರಿದ್ದರೆ "ನೋಟೀಸ್ ಬರಲಿ, ನೋಡೋಣ." ಆಶ್ಚರ್ಯವೆಂದರೆ ಈ ಎರಡರಿಂದಲೇ ಬೀದಿಯ ಎಲ್ಲ ವ್ಯಾಜ್ಯಗಳೂ ತೀರುತ್ತಿದ್ದವು. ಹೊಲಿಗೆಯ ಶಹರ್ಬಾನುವಿನ ಶೀಟಿನ ಸೂರಿನ ಮೇಲೆ ಪಕ್ಕದ ಮನೆಯವರ ಮಳೆನೀರು ಸುರಿಯುತ್ತಿತ್ತು. ಶಹರ್ಬಾನು ನೋಟೀಸು ಗೀಟೀಸು ಏನೂ ಕೊಡಲಿಲ್ಲ. ಬೇಲಿಯ ಹತ್ತಿರ ನಿಂತು, "ನಮ್ ಲಾಯರ್ ಸಾಬ್ ನೋಟೀಸ್ ಕೊಡ್ತಾರಂತೆ" ಎಂದು ಅವರಿಗೆ ಕೇಳುವ ಹಾಗೆ ತನ್ನ ಮಗನಿಗೆ ಹೇಳಿದಳು. ಮಾರನೆಯ ದಿನ ಅವರ ಸೂರಿನ ನೀರಿನ ದೋಣಿ ಬೇರೆ ಕಡೆಗೆ ತಿರುಗಿತು. ಅಂದಿನಿಂದ ಶೇಖರಪ್ಪನವರ ಅಂಗಿಗಳಿಗೆ ಗುಂಡಿ ಹಾಕುವ ಕೆಲಸವನ್ನು ಆಕೆ ಬೇರೆಯವರಿಗೆ ಬಿಡಲಿಲ್ಲ.

ಶೇಖರಪ್ಪನವರ ಮನೆಗೆ ಅಂಟಿದ ಖಾಲಿ ಜಾಗ ಚಿಕ್ಕಬೈರಪ್ಪನದು. ಆ ಬೀದಿಯೆಲ್ಲ ಒಂದು ಕಾಲಕ್ಕೆ ಚಿಕ್ಕಬೈರಪ್ಪನ ತಂದೆ ರಾಗಿ ಬಿತ್ತುತ್ತಿದ್ದ ಹೊಲ. ಮುದುಕ ಹೊಲವನ್ನು ಸೈಟು ಮಾಡಿ ಮಾರಿದ, ಶೇಖರಪ್ಪನವರು ಒಂದನ್ನು ಕೊಂಡರು. ಈಗ ಚಿಕ್ಕಬೈರಪ್ಪ ಉಳಿದ ತುಂಡಿನಲ್ಲಿ ಬಾಡಿಗೆಗೆ ಎರಡು ಮನೆ ಕಟ್ಟಿಸಲು ಹೊರಟಿದ್ದ. ಮೇಸ್ತ್ರಿ ದಾರ ಕಟ್ಟಿದ, ಆಳುಗಳು ಪಾಯ ತೋಡಿದರು. ಎದೆಮಟ್ಟದ ಗುಂಡಿ, ಪಕ್ಕದಲ್ಲಿ ಕೆಮ್ಮಣ್ಣಿನ ರಾಶಿ.

ಅದೇ ಹೊತ್ತಿಗೆ ಶೇಖರಪ್ಪನವರ ಮಗಳು ಪಾರವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಗಂಡು ಕೂಸು ಹೆತ್ತು, ಬಾಣಂತನದಲ್ಲಿದ್ದಳು. ನಿಂಗವ್ವನವರಿಗೆ ಬೇರೆ ಲೋಕ ಇರಲಿಲ್ಲ. ದಿನಾ ಬೆಳಿಗ್ಗೆ ಹಂಡೆ ತುಂಬ ನೀರು ಕುದಿಸಿ ಮಗಳಿಗೆ ಎರೆಯುವುದು, ಕೂಸಿಗೆ ಎರೆಯುವುದು, ಸಾಂಬ್ರಾಣಿ ಹೊಗೆ ಹಾಕುವುದು. ಇದಕ್ಕೆಂದೇ ಶೇಖರಪ್ಪನವರು ಮನೆಯ ಹಿಂದೆ ಹೊಸ ಬಚ್ಚಲುಮನೆ ಕಟ್ಟಿಸಿದ್ದರು.

ಆ ದಿನ ಸಂಜೆ ಶೇಖರಪ್ಪನವರು ಮಗಳ ಅಂಟಿನುಂಡೆಗೆ ಒಣಕೊಬ್ಬರಿ, ಅಂಟು, ಉತ್ತತ್ತಿ ಕಟ್ಟಿಸಿಕೊಂಡು ಬಳ್ಳಾರಿ ರಸ್ತೆಯಲ್ಲಿ ಬಸ್ಸಿಳಿದು ನಡೆದು ಬಂದರು. ಕರೆಂಟು ಹೋಗಿತ್ತು. ದಿನಾ ನಡೆಯುವ ಕಾಲುದಾರಿ, ಕಣ್ಣುಮುಚ್ಚಿಕೊಂಡೂ ಬರಬಲ್ಲರು. ಬಂದರು. ಮನೆಗೆ ನಾಲ್ಕು ಮಾರು ಇದೆ ಅನ್ನುವಾಗ ಕಾಲುದಾರಿ ಇದ್ದಕ್ಕಿದ್ದಂತೆ ಮುಗಿಯಿತು. ಶೇಖರಪ್ಪನವರು ಪಾಯದೊಳಗಿದ್ದರು. ಬೆಳಿಗ್ಗೆ ಹೋಗುವಾಗ ಅದು ಅಲ್ಲಿರಲಿಲ್ಲ. ಕೊಬ್ಬರಿ ಗಿಟುಕುಗಳು ಅವರ ತಲೆಯ ಮೇಲೆ ಒಂದೊಂದಾಗಿ ಬಂದು ಬಿದ್ದವು.

ಸದ್ದು ಕೇಳಿ ಓಡಿಬಂದವನು ಚಿಕ್ಕಬೈರಪ್ಪನೇ. ಒಂದೇ ಕೈಯಲ್ಲಿ ಅವರನ್ನು ಮೂಲಂಗಿ ಕಿತ್ತ ಹಾಗೆ ಮೇಲಕ್ಕೆಳೆದು ನಿಲ್ಲಿಸಿದ. ಮಣ್ಣು ಕೊಡವಿದ. ಆಮೇಲೆ, ಬೀದಿಯವರೆಲ್ಲ ಬಂದು ಸೇರಿದ ಮೇಲೆ, ಅವನ ಬಾಯಿಂದ ಬಂದ ಮಾತು ಇದು:

"ಏನ್ ಲಾಯರ್ರೇ, ನೋಡ್ಕಂಡ್ ಬರಬಾರ್ದಾ? ಇಷ್ಟ್ ದೊಡ್ಡ ಪಾಯ ಕಾಣಾಕಿಲ್ವಾ?"

ಕಾಲು ಉಳುಕಿತ್ತು. ಮುರಿದಿರಲಿಲ್ಲ. ನಿಂಗವ್ವನವರು ಅರಿಸಿನ, ಸುಣ್ಣ ಕಲಸಿ ಪಟ್ಟು ಹಾಕಿ ಬಟ್ಟೆ ಸುತ್ತಿದರು. ಶೇಖರಪ್ಪನವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು. ಆದರೆ ಬೆಳಗಾಗುತ್ತಲೇ ಜಗುಲಿಯ ಮೇಲೆ ಬೀದಿಯೇ ಕೂತಿತ್ತು.

"ಯಾರ್ಯಾರ್ಗೋ ನೋಟೀಸ್ ಕೊಡ್ಸಿದ್ರಿ. ಈಗ ತಮ್ ಕಾಲಿಗೇ ಏಟಾಗೈತೆ," ಎಂದಳು ರತ್ನಕ್ಕ. "ದಾರೀಲಿ ಗುಂಡಿ ತೋಡಿ ಮನುಷ್ಯರನ್ನ ಬೀಳ್ಸೋದು ಅಂದ್ರೇನು? ಪರಿಹಾರ ಕೊಡ್ಬೇಕಾಯ್ತದೆ ಅಲ್ವಾ ಸಾರ್?"

"ಕೊಡಬೇಕಾಗ್ತದ, ಕೊಡಬೇಕಾಗ್ತದ," ಎಂದರು ಶೇಖರಪ್ಪನವರು, ವಿಷಯ ಬೇರೆ ಕಡೆ ಹೋಗಲಿ ಎಂದು ಕಾಫಿ ತರಿಸುತ್ತಾ.

"ಬಿಡ್ತಾರಾ ನಮ್ ಸಾಬ್?" ಎಂದಳು ಶಹರ್ಬಾನು. "ಚಿಕ್ಕಬೈರಪ್ಪಂಗೆ ಈಗ ಗೊತ್ತಾಗತ್ತೆ ಯಾರನ್ನ ಬೀಳ್ಸಿದೀನಿ ಅಂತ."

ಶೇಖರಪ್ಪನವರು ಆ ಮುಖಗಳನ್ನು ನೋಡಿದರು. ಸುಮ್ಮನಿದ್ದರೆ ಲಾಯರಲ್ಲ ಎಂದಾಗುತ್ತದೆ. ಈ ಬೀದಿಯಲ್ಲಿ ಮನುಷ್ಯ ಕುಂಟನಾಗಿ ಬದುಕಬಹುದು, ಲಾಯರಲ್ಲದೆ ಬದುಕುವುದು ಈಗ ಕಷ್ಟವಿತ್ತು. ಆ ಭಾನುವಾರ ಅವರು ಒಳಕೋಣೆಯಲ್ಲಿ ಕೂತು ಜೀವನದ ಮೊದಲ ನೋಟೀಸು ಬರೆದರು.

ಅವರಿಗೆ ನೋಟೀಸಿನ ಭಾಷೆ ಬಾಯಿಪಾಠ. ಒಂದೇ ತೊಡಕೆಂದರೆ, ಅವರು ಕಂಡ ನೋಟೀಸುಗಳೆಲ್ಲ "ನಮ್ಮ ಕಕ್ಷಿದಾರರ ಸೂಚನೆಯ ಮೇರೆಗೆ" ಎಂದೇ ಶುರುವಾಗುತ್ತಿದ್ದವು. ಬೇರೆ ಥರ ಶುರುಮಾಡಲು ಅವರಿಗೆ ಬರುತ್ತಿರಲಿಲ್ಲ. ಹಾಗಾಗಿ, ನಮ್ಮ ಕಕ್ಷಿದಾರರಾದ ಶ್ರೀ ಶೇಖರಪ್ಪನವರು ಅತ್ಯಂತ ಗೌರವಾನ್ವಿತ ವ್ಯಕ್ತಿಗಳಾಗಿದ್ದು ಎಂದು ತಮ್ಮನ್ನು ತಾವೇ ಒಂದಿಷ್ಟು ಹೊಗಳಿಕೊಂಡು ಆರಂಭಿಸಿದರು. ಸದರಿಯವರು ಸಾರ್ವಜನಿಕ ದಾರಿಯಲ್ಲಿ ಎಚ್ಚರಿಕೆಯಿಂದ ನಡೆದು ಬರುತ್ತಿರಲಾಗಿ, ತಾವು ನಿರ್ಲಕ್ಷ್ಯದಿಂದ ತೋಡಿಸಿದ ಪಾಯದಲ್ಲಿ ಬಿದ್ದು ತೀವ್ರ ದೈಹಿಕ ಹಾಗೂ ಮಾನಸಿಕ ಯಾತನೆಗೆ ಒಳಗಾಗಿದ್ದು, ತಾವು ಸೂಕ್ತ ಪರಿಹಾರ ನೀಡತಕ್ಕದ್ದು, ತಪ್ಪಿದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಲಾಗುವುದು. ಆ ಕಾಲಿನಲ್ಲಿ ಮೆಟ್ಟಿಲು ಹತ್ತುವುದು ಹೇಗೆಂಬ ಯೋಚನೆ ಅವರಿಗೆ ಬರಲಿಲ್ಲ. ಕೆಳಗೆ ಕಾರ್ಖಾನೆಯ ವಕೀಲರ ಶೈಲಿಯಲ್ಲಿ, ಬೆಕ್ಕು ಆಡಿದ ನೂಲಿನುಂಡೆಯಂಥ ಒಂದು ರುಜು ಎಳೆದರು. ಚೀಟಿಯನ್ನು ಮಾತ್ರ ಎಂದಿನ ಹಾಗೆ ಬಲು ಅಚ್ಚುಕಟ್ಟಾಗಿ ಅಂಟಿಸಿದರು.

ನೋಟೀಸು ತಲುಪಿದ ಸಂಜೆ ಶೇಖರಪ್ಪನವರು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಬಾಗಿಲಲ್ಲಿ ಚಿಕ್ಕಬೈರಪ್ಪ ಕಾಣಿಸಿಕೊಂಡ. ಎಡಗೈಯಲ್ಲಿ ದೊಡ್ಡದೊಂದು ಕಟ್ಟು ಸಬ್ಬಸಿಗೆ ಸೊಪ್ಪು, ಬಲಗೈಯಲ್ಲಿ ಲಕೋಟೆ. ಶೇಖರಪ್ಪನವರು ಕಾಲನ್ನು ದಿಂಬಿನಿಂದ ಅವಸರವಾಗಿ ಕೆಳಗಿಳಿಸಿಕೊಂಡರು.

"ತಗಳವ್ವಾ, ಬಾಣಂತಿಗೆ ಸಬ್ಬಸ್ಗೆ ಒಳ್ಳೇದು ಅಂತ ನಮ್ಮನೆಯೋಳು ಕೊಟ್ಟವ್ಳೆ," ಎಂದು ಸೊಪ್ಪನ್ನು ನಿಂಗವ್ವನವರಿಗೆ ಕೊಟ್ಟು, ಚಿಕ್ಕಬೈರಪ್ಪ ಚಾಪೆಯ ಮೇಲೆ ಕೂತ. ಆಚೆ ಈಚೆ ನೋಡಿ ದನಿ ತಗ್ಗಿಸಿದ. "ಲಾಯರ್ರೇ, ನಿಮ್ತಾವ ಬಿಟ್ರೆ ಯಾರ್ತಾವ್ಲೂ ಏಳಂಗಿಲ್ಲ. ಯಾವನೋ ನನ್ ಮ್ಯಾಲೆ ನೋಟೀಸು ಕಳ್ಸವ್ನೆ."

ಶೇಖರಪ್ಪನವರು ಕಾಲಿಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತತೊಡಗಿದರು.

"ನಂಗೆ ರುಜು ಆಕೋದು ಬರ್ತದೆ, ಬಸ್ ನಂಬರ್ ಓದೋದು ಬರ್ತದೆ. ಇಂಥದ್ದೆಲ್ಲ ಬರಾಕಿಲ್ಲ. ಮನೇಲಿ ತೋರ್ಸಿದ್ರೆ ನಮ್ ಗಂಗರತ್ನಮ್ಮ ಎದ್ರಿಕೊಂಡು ಊಟ ಬಿಡ್ತಾಳೆ. ನೀವೇ ಓದಿ ಏಳಿ."

ಲೋಕದಲ್ಲಿ ಎಷ್ಟೋ ಜನ ನೋಟೀಸು ಬರೆದಿದ್ದಾರೆ. ಬರೆದವನೇ ಅದನ್ನು ಪ್ರತಿವಾದಿಯ ಮುಂದೆ ಕೂತು, ಪ್ರತಿವಾದಿ ತಂದ ಸೊಪ್ಪಿನ ಪರಿಮಳದ ನಡುವೆ, ಗಟ್ಟಿಯಾಗಿ ಓದಬೇಕಾಗಿ ಬಂದದ್ದು ಅಪರೂಪ. ಶೇಖರಪ್ಪನವರು ಓದಿದರು. ಹೆಸರು ಬಂದ ಕಡೆಯಲ್ಲೆಲ್ಲ ಕೆಮ್ಮಿದರು.

"ನಮ್ಮ ಕಕ್ಷಿದಾರರಾದ ಶ್ರೀ... ಉಹ್ಹು, ಉಹ್ಹು... ಅವರು ಅತ್ಯಂತ ಗೌರವಾನ್ವಿತ ವ್ಯಕ್ತಿಗಳಾಗಿದ್ದು..."

"ಯಾವನ್ ಅವನು ಗೌರವಾನ್ವಿತ?"

"ಯಾರೋ ಒಬ್ಬರು. ಪಾಯದಾಗ ಬಿದ್ದಾರಂತ."

"ಅಯ್ ಶಿವ್ನೆ! ನಿಮ್ಮಂಗೇ ಇನ್ನೊಬ್ಬನೂ ಬಿದ್ನಾ?" ಚಿಕ್ಕಬೈರಪ್ಪ ತೊಡೆ ತಟ್ಟಿಕೊಂಡ. "ನೋಡಿ ಮತ್ತೆ ಮನುಷ್ಯರು ಎಂಗಿರ್ತಾರೆ ಅಂತ. ನೀವೂ ಬಿದ್ರಿ. ಕಾನೂನೆಲ್ಲ ತಿಳ್ದೋರು. ಒಂದ್ ಮಾತು ಅಂದ್ರಾ? ಈ ನನ್ಮಗ ಯಾವನೋ ಕಳ್ಳನ್ ಥರ ಕಾಗ್ದ ಕಳ್ಸವ್ನೆ! ನೀವು ದೊಡ್ ಮನುಷ್ಯರು ಲಾಯರ್ರೇ. ಇವನಿಗೆ ಎಂಥಾ ಜವಾಬು ಬರೀಬೇಕು ಅಂದ್ರೆ, ಓದ್ತಿದ್ದಂಗೆ ಅವನು ಇನ್ನೊಂದ್ ಸಲ ಪಾಯಕ್ಕೆ ಬೀಳ್ಬೇಕು."

ಆಗಲೇ ಹೇಳಿಬಿಡಬೇಕಿತ್ತು. ಶೇಖರಪ್ಪನವರು ಹೇಳಲೂ ಹೊರಟರು. "ಹಂಗಲ್ಲ ಚಿಕ್ಕಬೈರಪ್ಪನವರ, ಆ ಬಿದ್ದವನು ಯಾರಂದ್ರ..." ಅನ್ನುವಷ್ಟರಲ್ಲಿ ನಿಂಗವ್ವನವರು ಕಾಫಿ ತಂದರು, ಚಿಕ್ಕಬೈರಪ್ಪ ಅವರ ಉಳುಕಿದ ಕಾಲನ್ನು ಮೆತ್ತಗೆ ಎತ್ತಿ ಸರಿಯಾಗಿ ದಿಂಬಿನ ಮೇಲಿಟ್ಟ. ಮಾತು ಅಲ್ಲೇ ಹಿಂಗಿಹೋಯಿತು. ಕಾಫಿ ಮುಗಿದ ಮೇಲೆ ಅವರು ಕಾಗದ ತೆಗೆದುಕೊಂಡು ಜವಾಬು ಬರೆಯಲು ಕೂತರು.

ಮೊದಲು ಅಳುಕಿನಿಂದಲೇ ಬರೆದರು. ಆದರೆ ಬರವಣಿಗೆ ಎಂಬುದಕ್ಕೆ ತನ್ನದೇ ಓಟವಿರುತ್ತದೆ, ಎದುರಿಗೆ ಕೂತು "ಇನ್ನೂ ಖಾರ ಆಕಿ" ಎನ್ನುವವನಿದ್ದರಂತೂ ಕೇಳಲೇಬೇಡಿ. ಸದರಿ ವ್ಯಕ್ತಿಯು ಕತ್ತಲಲ್ಲಿ ಕೈಯಲ್ಲಿ ದೀಪವಿಲ್ಲದೆ, ಮೈಮೇಲೆ ಎಚ್ಚರವಿಲ್ಲದೆ ನಡೆದು ಬಂದು ತನ್ನ ಸ್ವಂತ ಅಜಾಗರೂಕತೆಯಿಂದ ಬಿದ್ದಿರುತ್ತಾನೆ. ಎದೆಮಟ್ಟದ ಪಾಯವನ್ನು ಕಾಣಲಾರದವನು ಹಗಲು ಹೊತ್ತಿನಲ್ಲೂ ಹೊರಗೆ ಓಡಾಡಲು ಅರ್ಹನಲ್ಲ. ಸದರಿ ಸ್ಥಳವು ಖಾಸಗಿ ಸ್ವತ್ತಾಗಿದ್ದು, ಅಲ್ಲಿಗೆ ಅವನು ಬಂದದ್ದೇ ಅತಿಕ್ರಮ ಪ್ರವೇಶ. ಬರೆಯುತ್ತಾ ಬರೆಯುತ್ತಾ ಶೇಖರಪ್ಪನವರಿಗೆ ಆ ಬಿದ್ದವನ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಕಾರ್ಖಾನೆಯ ಜವಾಬುಗಳ ಕೊನೆಯಲ್ಲಿ ಯಾವಾಗಲೂ ಇರುತ್ತಿದ್ದ ಸಾಲನ್ನೂ ಮರೆಯಲಿಲ್ಲ: ಸ್ಥಳವನ್ನು ಅಳತೆ ಮಾಡಿಸಿದಲ್ಲಿ ಸತ್ಯಾಂಶವು ತಾನಾಗಿಯೇ ಹೊರಬೀಳುವುದು.

ಚಿಕ್ಕಬೈರಪ್ಪನಿಗೆ ಆ ಕೊನೆಯ ಸಾಲು ಬಹಳ ಹಿಡಿಸಿತು. ಎರಡು ಸಲ ಓದಿಸಿ ಕೇಳಿದ. ತನಗೊಂದು ನಕಲು ಬರೆಸಿಕೊಂಡು, ಕೆಳಗೆ ರುಜು ಹಾಕಿ, "ನೀವೇ ಕಳ್ಸಿಬಿಡಿ, ಆ ರಸೀತಿ ಮಾತ್ರ ನಂಗೆ ಕೊಡಿ" ಎಂದ.

ರಸೀದಿ ಕೊಡಬೇಕಾದರೆ ರಿಜಿಸ್ಟರ್ ಮಾಡಲೇಬೇಕು. ರಿಜಿಸ್ಟರ್ ಮಾಡಿದರೆ ಅದು ವಿಳಾಸಕ್ಕೆ ಬರಲೇಬೇಕು. ಬಂತು. ಪೋಸ್ಟ್‌ಮ್ಯಾನ್ ಜಗುಲಿಯ ಮೇಲೆ ನಿಂತು ಶೇಖರಪ್ಪನವರ ಕೈಲಿ ರುಜು ಹಾಕಿಸಿಕೊಂಡು ಲಕೋಟೆ ಕೊಟ್ಟು ಹೋದ. ನಿಂಗವ್ವನವರು ಲಕೋಟೆಯ ಮೇಲಿನ ಅಕ್ಷರ ನೋಡಿದರು, ಗಂಡನ ಮುಖ ನೋಡಿದರು.

"ನಿಮಗ ನೀವ ಪತ್ರಾ ಬರಕೊಳ್ಳಾಕತ್ತೀರಿ? ಪೆಟ್ಟು ಬಿದ್ದದ್ದು ಕಾಲಿಗೋ, ತಲಿಗೋ?"

"ನಿನಗ ತಿಳಿಯೂದಿಲ್ಲ. ಇದು ಕಾನೂನು."

"ಕಾನೂನೋ ಗೀನೂನೋ, ಹಿತ್ತಲಕ್ಕ ಹೋಗಿ ನಾಕು ಕಟಿಗಿ ತಂದು ಹಂಡೇದ ಒಲಿಗೆ ಒಟ್ಟರಿ."

ಇನ್ನು ಇಲ್ಲಿಗೆ ಮುಗಿಯಿತು ಎಂದು ಶೇಖರಪ್ಪನವರು ನೆಮ್ಮದಿಯ ಉಸಿರುಬಿಟ್ಟರು. ನೋಟೀಸು ಹೋಯಿತು, ಜವಾಬು ಬಂತು, ಎರಡೂ ಕಡೆಯವರೂ ತಮ್ಮ ಮನೆಯಲ್ಲೇ ಇದ್ದಾರೆ. ಇನ್ನೇನು ಆದೀತು? ಅವರು ಮರೆತದ್ದು ಆ ಕೊನೆಯ ಸಾಲನ್ನು. ಚಿಕ್ಕಬೈರಪ್ಪ ಮರೆತಿರಲಿಲ್ಲ. ಲಾಯರ್ರು ಬರೆದ ಮೇಲೆ ಅಳತೆ ಮಾಡಿಸಲೇಬೇಕೆಂದು ಯಲಹಂಕಕ್ಕೆ ಹೋಗಿ, ಅಶ್ವತ್ಥಪ್ಪ ಎಂಬ ರಿಟೈರ್ಡ್ ಸರ್ವೆಯರನ್ನು ಕರೆದುಕೊಂಡೇ ಬಂದ.

ಅಶ್ವತ್ಥಪ್ಪನವರು ಕುಳ್ಳಗೆ, ಕೊಡೆ ಹಿಡಿದು, ಹಿಂದೆ ಸರಪಳಿ ಹೊತ್ತ ಆಳಿನೊಡನೆ ಬಂದರು. ರಿಟೈರಾದ ಮೇಲೂ ಅವರ ದನಿಗೆ ಪಿಂಚಣಿ ಆಗಿರಲಿಲ್ಲ. "ಯಾರೂ ಗೆರೆ ದಾಟಬಾರದು!" ಎಂದು ಕೂಗಿದರು. ಗೆರೆ ಇನ್ನೂ ಎಳೆದಿರಲಿಲ್ಲ, ಆದರೂ ಬೀದಿಯೆಲ್ಲ ಹಿಂದೆ ಸರಿಯಿತು. ರತ್ನಕ್ಕ ಅಂಗಡಿಗೆ ಬಾಗಿಲು ಹಾಕಿ ಬಂದಿದ್ದಳು. ಶಹರ್ಬಾನು ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡೇ ಬಂದಿದ್ದಳು. ಅವಳನ್ನು ಇಲಾಖೆಯವಳೇ ಎಂದುಕೊಂಡು ಅಶ್ವತ್ಥಪ್ಪನವರು ಒಮ್ಮೆ ನಮಸ್ಕಾರ ಮಾಡಿದರು. ಶೇಖರಪ್ಪನವರನ್ನು ಚಿಕ್ಕಬೈರಪ್ಪನೇ ಕೈಹಿಡಿದು ಕರೆತಂದು, ಪಾಯದ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿದ.

"ನಮ್ ಕಡೆ ಲಾಯರ್ರು," ಎಂದು ಪರಿಚಯ ಮಾಡಿಸಿದ.

ಅಶ್ವತ್ಥಪ್ಪನವರು ಕನ್ನಡಕ ಏರಿಸಿ ನೋಟೀಸನ್ನೂ ಜವಾಬಿನ ನಕಲನ್ನೂ ತೆರೆದು, ಶಾಲೆಯಲ್ಲಿ ಹಾಜರಿ ಕರೆಯುವ ಧಾಟಿಯಲ್ಲಿ ಓದಿದರು. "ಪಾಯ ತೆಗೆಸಿದವರು ಚಿಕ್ಕಬೈರಪ್ಪ. ಬಿದ್ದವರು ಶೇಖರಪ್ಪ. ಯಾರ್ರೀ ಶೇಖರಪ್ಪ?"

ಬೀದಿ ಕುರ್ಚಿಯ ಕಡೆ ತಿರುಗಿತು.

"ಇವ್ರೇ ಶೇಖರಪ್ಪೋರು," ಎಂದಳು ರತ್ನಕ್ಕ.

"ಇವರು ಲಾಯರ್ರು ಅಂದ್ರಲ್ಲ?"

"ಲಾಯರ್ರೂ ಇವ್ರೇ."

"ಯಾರ ಕಡೆ ಲಾಯರ್ರು?"

"ನಮ್ ಕಡೆ," ಎಂದ ಚಿಕ್ಕಬೈರಪ್ಪ. ಆದರೆ ಅವನ ದನಿ ಅರ್ಧಕ್ಕೆ ಇಳಿದಿತ್ತು.

"ಎದುರು ಕಡೆಯವರು ಎಲ್ಲಿ?"

ಶೇಖರಪ್ಪನವರು ಶಾಲೆಯ ಹುಡುಗನ ಹಾಗೆ ಕೂತಲ್ಲೇ ಕೈ ಎತ್ತಿದರು.

ಅಶ್ವತ್ಥಪ್ಪನವರ ದೀರ್ಘ ಸೇವೆಯಲ್ಲಿ ಇಂಥದ್ದು ಬಂದಿರಲಿಲ್ಲ. ಮನುಷ್ಯರ ವಿಷಯ ತಮಗೆ ಬೇಡವೆಂದು ತೀರ್ಮಾನಿಸಿ, "ಸರಪಳಿ ಎಳಿ!" ಎಂದು ಆಳಿಗೆ ಕೂಗಿದರು. ಮೂಲೆಯ ಬಾಂದುಕಲ್ಲಿನಿಂದ ಸರಪಳಿ ಹೊರಟಿತು. ಪಾಯದ ಉದ್ದಕ್ಕೂ ನೆಟ್ಟಗೆ ಬಂತು. ಅರ್ಧ ದಾರಿಯಲ್ಲಿ ಪಾಯವೇ ಬಲಕ್ಕೆ ಹೊಟ್ಟೆ ಬಿಟ್ಟುಕೊಂಡು ಕಾಲುದಾರಿಗೆ ಇಳಿದಿತ್ತು, ಸರಪಳಿ ಮಾತ್ರ ನೆಟ್ಟಗೇ ಹೋಯಿತು. ಹೋಗಿ, ಶೇಖರಪ್ಪನವರ ಹೊಸ ಬಚ್ಚಲುಮನೆಯ ಬಾಗಿಲಿಗೆ ಬಂದು ನಿಂತಿತು.

"ಬಾಗಿಲು ತೆಗೆಸಿ. ಗೆರೆ ಒಳಗೆ ಹೋಗಬೇಕು," ಎಂದರು ಅಶ್ವತ್ಥಪ್ಪನವರು.

ಒಳಗಿನಿಂದ ನಿಂಗವ್ವನವರ ದನಿ ಬಂತು. "ಯಾರ್ರೀ ಅದು ಕದಾ ಬಡಿಯೂದು? ಬಾಣಂತಿ ಎರಕೊಳ್ಳಾಕತ್ತಾಳ!"

ಅಶ್ವತ್ಥಪ್ಪನವರು ಎರಡು ಹೆಜ್ಜೆ ಹಿಂದೆ ಬಂದರು. ಕನ್ನಡಕ ಒರೆಸಿಕೊಂಡು ತೀರ್ಪು ಹೇಳಿದರು. "ಈ ಬಚ್ಚಲುಮನೆಯಲ್ಲಿ ಮುಕ್ಕಾಲು ಪಾಲು ಚಿಕ್ಕಬೈರಪ್ಪನ ಸ್ವತ್ತಿನಲ್ಲಿದೆ. ಅತಿಕ್ರಮಣ. ಕೆಡವಿಸೋ ಹಕ್ಕು ಅವರಿಗಿದೆ."

ಶೇಖರಪ್ಪನವರಿಗೆ ಈಗ ಒಂದೇ ಚಿಂತೆ. ಪರಿಹಾರ ಹೋಗಲಿ, ಮಾನ ಹೋಗಲಿ. ಬಚ್ಚಲು ಕೆಡವಿದರೆ ಹಸಿ ಬಾಣಂತಿಯನ್ನೂ ಕೂಸನ್ನೂ ಎಲ್ಲಿಗೆ ಕರೆದುಕೊಂಡು ಹೋಗಿ ಎರೆಯುವುದು? ಬಯಲಿಗೋ? ಅವರು ಕುರ್ಚಿಯಿಂದ ಎದ್ದು ಒಂಟಿಕಾಲಲ್ಲಿ ನಿಂತರು.

"ಚಿಕ್ಕಬೈರಪ್ಪನವರ, ತಪ್ಪಾತು. ನೋಟೀಸು ಬರದಾಂವ ನಾನ. ನಾನು ಲಾಯರೂ ಅಲ್ರೀ. ಕಾರ್ಖಾನ್ಯಾಗ ಲಕೋಟಿಗೆ ಚೀಟಿ ಅಂಟಸಾಂವ. ಎಲ್ಲಾರೂ ಲಾಯರ್ ಲಾಯರ್ ಅಂದ್ರಿ, ಚಂದ ಅನಸ್ತು, ಸುಮ್ಮನಾದೆ."

ಬೀದಿಯಲ್ಲಿ ಗುಜುಗುಜು ಎದ್ದಿತು. ರತ್ನಕ್ಕ ಶಹರ್ಬಾನುವಿನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ನೋಡಿದ್ಯಾ? ಕೇಸು ಉಲ್ಟಾ ಹೊಡೀತಿದ್ದಂಗೆ ಲಾಯರೇ ಅಲ್ಲ ಅಂದ್ಬಿಟ್ರು. ಇದು ಪಾಯಿಂಟು ಅಂದ್ರೆ!"

"ಹಾಂ ಮತ್ತೆ! ಲಾಯರೇ ಅಲ್ಲ ಅಂದ್ಮೇಲೆ ನೋಟೀಸ್ ಎಲ್ಲಿ ನಿಲ್ಲತ್ತೆ?" ಎಂದಳು ಶಹರ್ಬಾನು ಮೆಚ್ಚುಗೆಯಿಂದ ತಲೆದೂಗುತ್ತಾ.

ಚಿಕ್ಕಬೈರಪ್ಪ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಅವನ ಕಣ್ಣು ಪಾಯದ ಹೊಟ್ಟೆಯ ಮೇಲೆ ನೆಟ್ಟಿತ್ತು. "ಇದ್ಯಾಕೆ ಇಲ್ಲಿ ಸೊಟ್ಟಗೈತೆ? ನೆಟ್ಟಗೆ ತೆಗಿ ಅಂತ ಅಲ್ವಾ ನಾನು ಮೇಸ್ತ್ರಿಗೆ ಏಳಿದ್ದು? ಕರೀರೋ ಅವನ್ನ!"

"ಅವನ್ನ್ಯಾಕೆ ಕರೀತೀರಾ?" ಗುಂಪಿನ ಹಿಂದಿನಿಂದ ಅವನ ಹೆಂಡತಿ ಗಂಗರತ್ನಮ್ಮ ಮುಂದೆ ಬಂದಳು. ಸೊಂಟದಲ್ಲಿ ಸಬ್ಬಸಿಗೆಯ ಕಟ್ಟು ಇತ್ತು. "ನಾನೇ ಏಳಿದ್ದು. ದಾರ ಕಟ್ಟಿದಾಗ ಅವನು ಬಚ್ಚಲ ಗೋಡೆ ಒಡೀಬೇಕಾಯ್ತದೆ ಅಂದ. ಒಳಗೆ ಹಸಿ ಬಾಣಂತಿ ಅವ್ಳೆ, ಮೊದ್ಲು ಅದು ಮುಗೀಲಿ, ಈಗ ಸುತ್ತಾಕ್ಕೊಂಡ್ ಓಗು ಅಂದೆ. ನಿಮ್ಗೆ ಏಳಿದ್ರೆ ಕುಣೀತೀರಾ ಅಂತ ಏಳ್ಲಿಲ್ಲ."

ಬೀದಿ ಒಂದು ಕ್ಷಣ ಲೆಕ್ಕ ಹಾಕಿತು. ಬಚ್ಚಲನ್ನು ಉಳಿಸಲು ಪಾಯ ಸೊಟ್ಟಗೆ ಹೋಗಿತ್ತು. ಸೊಟ್ಟಗೆ ಹೋದದ್ದರಿಂದ ಕಾಲುದಾರಿಗೆ ಇಳಿದಿತ್ತು. ಕಾಲುದಾರಿಗೆ ಇಳಿದದ್ದರಿಂದ ಬಚ್ಚಲಿನ ಯಜಮಾನರು ಅದರೊಳಗೆ ಬಿದ್ದಿದ್ದರು. ಅವರು ಬಿದ್ದದ್ದು, ಹೆಚ್ಚುಕಡಿಮೆ, ತಮ್ಮದೇ ಬಚ್ಚಲಿಗೆ. ಮೊದಲು ನಕ್ಕವರು ಅಶ್ವತ್ಥಪ್ಪನವರು. ಆಮೇಲೆ ಎಲ್ಲರೂ ನಕ್ಕರು. ನಗದೆ ಉಳಿದವರು ಇಬ್ಬರೇ: ಶೇಖರಪ್ಪನವರು, ಚಿಕ್ಕಬೈರಪ್ಪ.

ಚಿಕ್ಕಬೈರಪ್ಪ ಶೇಖರಪ್ಪನವರ ಹತ್ತಿರ ಬಂದ. ಅವನ ಮುಖ ಕೆಂಪಗಾಗಿತ್ತು. "ಬಚ್ಚಲು ಇರ್ಲಿ ಬಿಡಿ. ಜಾಗ ಆಮೇಕೆ ಮಾತಾಡ್ಕೊಳಾಣ. ನಂಗೆ ಬ್ಯಾಸ್ರ ಆಗಿದ್ದು ಬ್ಯಾರೆ. ನನ್ ಪಾಯಕ್ಕೆ ಬಿದ್ರಿ. ನನ್ ಮುಂದೆ ನಿಂತ್ಕೊಂಡು ನಾಕ್ ಮಾತು ಬೈಬಾರ್ದಾಗಿತ್ತಾ? ಬೈದಿದ್ರೆ ಮುಗೀತಿತ್ತು. ಕಾಗ್ದ ಕಳ್ಸಿದ್ರಿ. ಅದ್ರಾಗೆ ನಾನೇ ಕುಂತ್ಕೊಂಡು ನಿಮ್ಮನ್ನ ಬೈಯಂಗೆ ಮಾಡಿದ್ರಿ!"

"ಇನ್ನ ಏನ್ ಮಾಡ್ಲಿ ಹೇಳ್ರಿ."

"ಈಗ ಬೈಯ್ರಿ. ಎಲ್ಲಾರ ಮುಂದೆ."

ಶೇಖರಪ್ಪನವರು ಪ್ರಯತ್ನಪಟ್ಟರು. ಎದೆ ಉಬ್ಬಿಸಿದರು, ಬೆರಳೆತ್ತಿದರು. "ತಾವು... ಸದರಿ..." ಎಂದರು. ಅಲ್ಲಿಗೆ ನಿಂತರು. ಅವರು ಜೀವಮಾನದಲ್ಲಿ ಯಾರನ್ನೂ ಎದುರಿಗೆ ನಿಂತು ಬೈದವರಲ್ಲ. ನೋಟೀಸಿನ ಭಾಷೆ ಬಿಟ್ಟು ಬೈಗುಳದ ಭಾಷೆ ಅವರಲ್ಲಿರಲಿಲ್ಲ.

ಆಗ ಬಚ್ಚಲಿನ ಮುಚ್ಚಿದ ಬಾಗಿಲ ಹಿಂದಿನಿಂದ, ನೀರು ಸುರಿಯುವ ಸದ್ದಿನ ನಡುವೆ, ನಿಂಗವ್ವನವರು ಆ ಕೆಲಸವನ್ನು ಕೈಗೆತ್ತಿಕೊಂಡರು.

"ಏನ್ರೀ ಚಿಕ್ಕಬೈರಪ್ಪನವರ! ಮನಷ್ಯಾರು ಅಡ್ಡಾಡೋ ದಾರ್ಯಾಗ ತಗ್ಗು ತೋಡಿ, ಮ್ಯಾಲೊಂದು ಮುಳ್ಳಕಂಟಿ ಒಗ್ಯಾಕ ನಿಮ್ಮ ಕೈಗೇನಾಗಿತ್ತು? ಬಿದ್ದಾಂವಗ ಕಣ್ಣು ಕಾಣೂದಿಲ್ಲೇನು ಅಂತ ಕೇಳ್ತೀರಿ, ನಾಚಿಕಿ ಬ್ಯಾಡೇನು? ನಿಮ್ಮ ಹೇಂತಿಗೆ ಇರೋ ಬುದ್ಧಿ ನಿಮಗ ಅರ್ಧಾ ಇದ್ದಿದ್ರ ಈ ಪಂಚಾಯ್ತಿನ ಇರ್ತಿರಲಿಲ್ಲ! ಇನ್ನ ನೀವು, ನಮ್ಮ ಮನೀ ಲಾಯರು! ಬಚ್ಚಲಾ ಕಟ್ಟಸುವಾಗ ಒಂದು ಹಗ್ಗಾ ಹಿಡದು ಅಳೀರಿ ಅಂದ್ರ ಕಣ್ಣಳತಿ ಸಾಕು ಅಂದ್ರಿ. ಎದಿಮಟಾ ಇರೋ ತಗ್ಗು ಕಾಣಲಾರದ ಕಣ್ಣು ಅದು! ಮತ್ತ ಆ ಸರಪಳಿ ಹಿಡಕೊಂಡು ಬಂದವರು ಯಾರೋ ಏನೋ, ಹೆಣಮಕ್ಕಳು ಎರಕೊಳ್ಳೋ ಹೊತ್ತಿನ್ಯಾಗ ಊರ ಅಳ್ಯಾಕ ಬರ್ತಾರೇನು? ಎಲ್ಲಾರೂ ಮಾರಿ ಆ ಕಡೆ ತಿರುವ್ರಿ! ಕೂಸಿಗೆ ಥಂಡಿ ಆಗ್ತದ, ನಾವು ಹೊರಗ ಬರಬೇಕು!"

ಸರಪಳಿ ಝಣ್ಣನೆ ನೆಲಕ್ಕೆ ಬಿತ್ತು. ಬೀದಿಯ ಗಂಡಸರೆಲ್ಲ, ಸರ್ವೆಯರು, ಆಳು, ವಾದಿ, ಪ್ರತಿವಾದಿ ಒಬ್ಬರೂ ಉಳಿಯದ ಹಾಗೆ, ಬಚ್ಚಲಿಗೆ ಬೆನ್ನು ಹಾಕಿ ಪಾಯದ ಕಡೆ ಮುಖಮಾಡಿ ನಿಂತರು. ಹಿಂದೆ ಬಾಗಿಲು ಕಿರ್ ಎಂದಿತು. ಸಾಂಬ್ರಾಣಿಯ ಹೊಗೆಯೂ ಬಿಸಿನೀರಿನ ಆವಿಯೂ ಕೂಸಿನ ಅಳುವೂ ಅವರ ಬೆನ್ನನ್ನು ದಾಟಿ ಮನೆಯೊಳಗೆ ಹೋದವು. ಗಂಗರತ್ನಮ್ಮ ಸಬ್ಬಸಿಗೆ ಕಟ್ಟಿನೊಂದಿಗೆ ಅವರ ಹಿಂದೆಯೇ ಒಳಗೆ ನಡೆದಳು.

ಚಿಕ್ಕಬೈರಪ್ಪ ಪಾಯವನ್ನೇ ನೋಡುತ್ತಾ ಪಕ್ಕದಲ್ಲಿ ನಿಂತಿದ್ದ ಶೇಖರಪ್ಪನವರಿಗೆ ಮೆಲ್ಲಗೆ ಹೇಳಿದ. "ಬೈದ್ರು ಅಂದ್ರೆ ಇದು. ಎದೆ ಅಗುರಾತು. ನಿಮ್ದೂ ಒಂದ್ ಮಾತು ಆಗ್ಲಿ ಲಾಯರ್ರೇ, ಬಾಕಿ ಯಾಕೆ?"

ಶೇಖರಪ್ಪನವರು ಬಹಳ ಯೋಚಿಸಿದರು. "ಪಾಯದ ಮುಂದ ಒಂದು ಕಂದೀಲಾದ್ರೂ ಇಡಬೇಕಿತ್ರೀ," ಎಂದರು.

ಚಿಕ್ಕಬೈರಪ್ಪ ಅದನ್ನು ತೂಗಿ ನೋಡಿದ. "ಇದು ನ್ಯಾಯ. ಇದನ್ನ ನೀವು ಅವತ್ತೇ ಅಂದಿದ್ರೆ ಅವತ್ತೇ ಇಡ್ತಿದ್ದೆ."

ಅಳತೆಗೆ ಬಂದ ಅಶ್ವತ್ಥಪ್ಪನವರು ಕಾಫಿ ಕುಡಿದು, ಎರಡು ಅಂಟಿನುಂಡೆ ತಿಂದು ಹೋದರು. ಪಾರವ್ವನ ಬಾಣಂತನ ಅದೇ ಬಚ್ಚಲಿನಲ್ಲಿ ಮುಗಿಯಿತು. ಆಮೇಲೆ ಶೇಖರಪ್ಪನವರು ಮನೆಯ ಮುಂದಿನಿಂದ ಅಷ್ಟೇ ಜಾಗವನ್ನು ಚಿಕ್ಕಬೈರಪ್ಪನಿಗೆ ಬಿಟ್ಟುಕೊಟ್ಟರು, ಬಚ್ಚಲಿನ ಜಾಗವನ್ನು ಅವನು ಇವರಿಗೆ ಬಿಟ್ಟುಕೊಟ್ಟ. ಪತ್ರ ಬರೆದವರು ಯಲಹಂಕದ ನಿಜವಾದ ಒಬ್ಬ ವಕೀಲರು. ಅವರ ಬರವಣಿಗೆ ಬಹಳ ಸಪ್ಪೆ ಎಂದು ಚಿಕ್ಕಬೈರಪ್ಪ ಆಮೇಲೆ ಬೀದಿಯಲ್ಲೆಲ್ಲ ಹೇಳಿದ.

ಗೋಡೆ ಏಳುವವರೆಗೆ ಪಾಯದ ಬಾಯಿಯಲ್ಲಿ ಒಂದು ಕಂದೀಲು ನೇತಾಡುತ್ತಿತ್ತು. ಸಂಜೆ ಬಳ್ಳಾರಿ ರಸ್ತೆಯಲ್ಲಿ ಬಸ್ಸು ನಿಂತ ಸದ್ದಾದರೆ ಸಾಕು, ಚಿಕ್ಕಬೈರಪ್ಪ ಬೀಡಿ ಎಸೆದು ಎದ್ದುನಿಂತು, ಬೀದಿಯ ಆ ತುದಿಯಿಂದ ಈ ತುದಿಯವರೆಗೂ ಕೇಳುವ ಹಾಗೆ ಕೂಗುತ್ತಿದ್ದ:

"ಲಾಯರ್ರು ಬರ್ತಾವ್ರೆ, ದೀಪ ಅಚ್ರೋ!"

ಮನೆಮನೆಯಲ್ಲೂ ದೀಪ ಹೊತ್ತುತ್ತಿತ್ತು. ಆ ಬೆಳಕಿನಲ್ಲಿ ಶೇಖರಪ್ಪನವರು ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು, ತಲೆ ತಗ್ಗಿಸಿ, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ, ಬಹಳ ಎಚ್ಚರಿಕೆಯಿಂದ ಮನೆ ಸೇರುತ್ತಿದ್ದರು.